ಪೆರುವಿನ ಹಕ್ಕಿ ಪ್ರವಾಸಕ್ಕೆ ದುಡ್ಡು ಕಟ್ಟುವ ಮುಂಚೆ ‘ಯಾವ ಮನು’ ಅಂತ ಕೇಳಿ

ಪೆರುವಿನ ಹಕ್ಕಿ ಪ್ರವಾಸದ ಅದೇ ಪೋಸ್ಟರ್ ಮತ್ತೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದೇ ಹಮ್ಮಿಂಗ್‌ಬರ್ಡ್ ಫೋಟೊ, ಅದೇ "ಕರಾವಳಿಯಿಂದ ಅಮೆಜಾನ್‌ವರೆಗೆ 13 ದಿನ", ಅದೇ "ಕೊನೆಯ ಎರಡು ಸೀಟು". ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ವರ್ಷಗಟ್ಟಲೆ ಹಕ್ಕಿ ನೋಡಿದವರು, ನಕ್ಷೆ ಓದಲು ಬರುವವರು ನಾಲ್ಕು ಜನ ಸೇರಿ ಮೋಸಹೋದೆವು. ತಲಾ 3,85,000 ರೂಪಾಯಿ. ವಿಮಾನದ ಟಿಕೆಟ್ ಬೇರೆ.

ಹೆಸರು ಹಾಕುವುದಿಲ್ಲ, ದೂರು ನಡೆಯುತ್ತಿದೆ. ಆಯೋಜಕರು ಬೆಂಗಳೂರಿನವರು. ಪೆರುವಿನಲ್ಲಿ ಅವರು ಕೆಲಸ ಒಪ್ಪಿಸಿದ್ದು ಕುಸ್ಕೊ ಊರಿನ ಒಂದು ಏಜೆನ್ಸಿಗೆ. ಇಬ್ಬರಲ್ಲಿ ಯಾರು ಮೊದಲು ಸುಳ್ಳು ಹೇಳಿದರು ಅನ್ನುವುದು ಈಗಲೂ ಬಗೆಹರಿದಿಲ್ಲ. ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ.

ಮೋಸದ ಬುಡ ಒಂದೇ ಒಂದು ಪದದಲ್ಲಿದೆ: ಮನು. ಪೆರುವಿನಲ್ಲಿ ಈ ಹೆಸರಿನವು ಮೂರಿವೆ. ಒಂದು, ಮನು ರಾಷ್ಟ್ರೀಯ ಉದ್ಯಾನ. 1973ರಲ್ಲಿ ಆದದ್ದು, 1987ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎರಡು, ಮನು ಜೀವಗೋಳ ಮೀಸಲು, ಅಂದರೆ ಬಯೋಸ್ಫಿಯರ್ ರಿಸರ್ವ್. ಇದು 1977ರದ್ದು, ಇನ್ನೂ ದೊಡ್ಡದು. ಉದ್ಯಾನದ ಹೊರಗಿನ ಹಳ್ಳಿ, ತೋಟ, ರಸ್ತೆ ಎಲ್ಲ ಇದರಲ್ಲಿ ಬರುತ್ತವೆ. ಮೂರು, ಮನು ಪ್ರಾಂತ್ಯ, ನಮ್ಮ ಜಿಲ್ಲೆ-ತಾಲ್ಲೂಕಿನ ಹಾಗೆ ಆಡಳಿತದ ಗಡಿ ಅಷ್ಟೇ. ಅದರ ಮುಖ್ಯ ಊರು ಸಾಲ್ವಸಿಯೋನ್. ಈ ಊರಿನ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಹುಣಸೂರಿನ ಯಾವುದೋ ಕೆರೆ ತೋರಿಸಿ "ಇದೂ ನಾಗರಹೊಳೆ ಕಡೆಯೇ" ಅಂದರೆ ನಾವು ಒಪ್ಪುತ್ತೇವಾ? ಊರು ಗೊತ್ತಿರುವ ಕಡೆ ಒಪ್ಪುವುದಿಲ್ಲ. ಗೊತ್ತಿಲ್ಲದ ಕಡೆ ಒಪ್ಪಿಬಿಟ್ಟೆವು.

ಪಿಡಿಎಫ್‌ನಲ್ಲಿದ್ದ ಯೋಜನೆ ಓದಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಲಿಮಾದಿಂದ ದಕ್ಷಿಣಕ್ಕೆ ಪುಕುಸಾನ ಬಂದರು, ಅಲ್ಲಿ ಇಂಕಾ ಟರ್ನ್, ಹಂಬೋಲ್ಟ್ ಪೆಂಗ್ವಿನ್. ಕುಸ್ಕೊ ಪಕ್ಕದ ವಾಕರ್ಪಾಯ್ ಜೌಗು. ಆಮೇಲೆ ಮನು ರಸ್ತೆ: ಸುಮಾರು 3,500 ಮೀಟರ್ ಎತ್ತರದ ಅಕ್ಹನಾಕೊ ನೆತ್ತಿಯಿಂದ 500 ಮೀಟರ್‌ನ ಅಟಲಾಯ ದೋಣಿಕಟ್ಟೆಯವರೆಗೆ ಇಳಿಯುವ ಒಂದೇ ದಾರಿ. ವಾಯ್ಕೆಚಾದಲ್ಲಿ ಎರಡು ರಾತ್ರಿ, ಸ್ಯಾನ್ ಪೆದ್ರೊದಲ್ಲಿ ಎರಡು ರಾತ್ರಿ, ಪಿಲ್ಕೊಪಾತಾದಲ್ಲಿ ಒಂದು. ಕೊನೆಗೆ ನದಿಯಲ್ಲಿ ಸಾಲ್ವಡಾರ್ ಕೊಳಕ್ಕೆ, ಅಲ್ಲಿ ಮೂರು ರಾತ್ರಿ. ಹಿಂದಿರುಗುವಾಗ ಬ್ಲಾಂಕಿಯೊದ ಮಣ್ಣಿನ ಗೋಡೆಗೆ ಬಂದು ಕೂರುವ ಮಕಾವ್ ಅನ್ನುವ ದೊಡ್ಡ ಗಿಳಿಗಳು.

ಮೊದಲ ಸುಳ್ಳು ಮುಖಪುಟದಲ್ಲೇ ಇತ್ತು. ನಾಲ್ಕು ಜನವೂ ನೋಡಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಬಾಲದಲ್ಲಿ ಎರಡು ಉದ್ದ ಕಡ್ಡಿ, ಅವುಗಳ ತುದಿಯಲ್ಲಿ ನೀಲಿ ಬಿಲ್ಲೆ ಇರುವ ಆ ಹಮ್ಮಿಂಗ್‌ಬರ್ಡ್ ಮಾರ್ವೆಲಸ್ ಸ್ಪ್ಯಾಚುಲ್‌ಟೇಲ್. ಅದು ಉತ್ತರ ಪೆರುವಿನ ಹಕ್ಕಿ. ಕುಸ್ಕೊ ಕಡೆ, ಮನು ರಸ್ತೆಯಲ್ಲಿ ಅದಿಲ್ಲ. ದಕ್ಷಿಣದ ಪ್ರವಾಸಕ್ಕೆ ಆ ಫೋಟೊ ಹಾಕಿದವರಿಗೆ ಹಕ್ಕಿ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹಾಕಿದ್ದಾರೆ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಎರಡನೆಯ ತಪ್ಪು ಎತ್ತರದ್ದು, ಇದು ಜೀವಕ್ಕೇ ಸಂಬಂಧಪಟ್ಟದ್ದು. ಲಿಮಾ ಸಮುದ್ರ ಮಟ್ಟದಲ್ಲಿದೆ, ಕುಸ್ಕೊ ಸುಮಾರು 3,400 ಮೀಟರ್. ವಿಮಾನದಲ್ಲಿ ಒಂದೂವರೆ ಗಂಟೆಯೂ ಬೇಡ. ಪಿಡಿಎಫ್‌ನಲ್ಲಿ ಒಂದು ದಿನ ವಿಶ್ರಾಂತಿ ಅಂತಿತ್ತು. ಅಲ್ಲಿಗೆ ಹೋದ ಮೇಲೆ "ನಿಮಗೆ ಬೋನಸ್" ಅಂತ ಮಾರನೇ ದಿನ ಬೆಳಿಗ್ಗೆಯೇ 4,300 ಮೀಟರ್‌ನ ಅಬ್ರಾ ಮಲಾಗಾಕ್ಕೆ ಹೊರಡಿಸಿದರು. ರಾಯಲ್ ಸಿಂಕ್ಲೋಡೀಸ್ ಆಸೆ ತೋರಿಸಿದರು. ಪಾಲಿಲೆಪಿಸ್ ಮರಗಳ ತೋಪಿನಲ್ಲಿ ಮಾತ್ರ ಉಳಿದಿರುವ, ತೀರ ಅಪಾಯದ ಅಂಚಿನಲ್ಲಿರುವ ಹಕ್ಕಿ, ಯಾರು ಬೇಡ ಅಂತಾರೆ? ನಮ್ಮಲ್ಲೊಬ್ಬರಿಗೆ ತಲೆನೋವು, ವಾಂತಿ. ವ್ಯಾನಿನಲ್ಲಿ ಆಕ್ಸಿಜನ್ ಸಿಲಿಂಡರ್ ಇರಲಿಲ್ಲ. ಹಕ್ಕಿ ಬಿಟ್ಟು ಕೆಳಗಿಳಿದೆವು, ಇಳಿಯಲೇಬೇಕಿತ್ತು. ಸರಿಯಾಗಿ ಮಾಡುವವರು ಕುಸ್ಕೊದಲ್ಲಿ ಇಳಿದ ಕೂಡಲೇ ಒಯಾಂತಾಯ್ತಂಬೊ ಕಡೆ, ಸುಮಾರು 2,800 ಮೀಟರ್‌ಗೆ ಇಳಿಸಿ ಮಲಗಿಸುತ್ತಾರೆ. ಅಬ್ರಾ ಮಲಾಗಾ ಅಲ್ಲಿಂದಲೇ ಹತ್ತುವ ದಾರಿ, ಎರಡು ದಿನ ಬಿಟ್ಟು ಹತ್ತಬಹುದು. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕಾ, ಎಷ್ಟು, ಯಾವಾಗಿಂದ ಅನ್ನುವುದನ್ನು ಇಲ್ಲಿಂದ ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಕೇಳಿಕೊಳ್ಳಿ. ಅಲ್ಲಿ ಹೋಟೆಲಿನವರು ಕೊಡುವ ಕೋಕಾ ಎಲೆಯ ಕಷಾಯ ಅದಕ್ಕೆ ಬದಲಿಯಲ್ಲ.

ಬೋನಸ್‌ಗೆ ಹೋದ ದಿನವನ್ನು ಎಲ್ಲಿಂದ ಕತ್ತರಿಸಿದರು? ವಾಯ್ಕೆಚಾದಿಂದ. "ರೂಮ್ ಇಲ್ಲ" ಅಂದರು. ಎರಡು ರಾತ್ರಿಯೂ ಹೋಯಿತು. ಕುಸ್ಕೊದಿಂದ ಹೊರಟವರು ಒಂದೇ ಹಗಲಲ್ಲಿ ಸ್ಯಾನ್ ಪೆದ್ರೊ ತಲುಪಿದೆವು.

ಇದರಿಂದ ಏನು ಕಳೆದುಹೋಯಿತು ಅನ್ನುವುದು ಹಕ್ಕಿ ನೋಡದವರಿಗೆ ತಿಳಿಯುವುದು ಕಷ್ಟ. ಆ ರಸ್ತೆಯ ಬೆಲೆ ಇರುವುದೇ ಎತ್ತರದಲ್ಲಿ. ಐನೂರು ಮೀಟರ್ ಇಳಿದರೆ ಹಕ್ಕಿಗಳ ಪಟ್ಟಿಯೇ ಬದಲಾಗುತ್ತದೆ. 2,900 ಮೀಟರ್‌ನಲ್ಲಿ, ವಾಯ್ಕೆಚಾ ಸುತ್ತ, ಗ್ರೇ-ಬ್ರೆಸ್ಟೆಡ್ ಮೌಂಟನ್ ಟೂಕನ್, 1,400ರ ಹತ್ತಿರ ಪ್ಯಾರಡೈಸ್ ಟ್ಯಾನೆಜರ್ ಮತ್ತು ತುಂಕಿ, ಅಂದರೆ ಪೆರುವಿನ ರಾಷ್ಟ್ರಪಕ್ಷಿ ಕಾಕ್-ಆಫ್-ದ-ರಾಕ್. ಮೋಡದ ಕಾಡಿನಲ್ಲಿ ಹಕ್ಕಿಗಳು ಹಿಂಡುಕಟ್ಟಿ ಓಡಾಡುವುದು ಬೆಳಿಗ್ಗೆ. ಬೆಳಕು ಹರಿದ ಮೇಲೆ ಮೂರ್ನಾಲ್ಕು ಗಂಟೆ, ಅಷ್ಟೇ. ಮಧ್ಯಾಹ್ನ ಮೋಡ ಕೆಳಗಿಳಿದು ಹತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ. ಹಾಗಾಗಿ ಯಾವ ಎತ್ತರದ ಹಕ್ಕಿ ಬೇಕೋ ಆ ಎತ್ತರದಲ್ಲೇ ಮಲಗಿ ಏಳಬೇಕು. ನಾವು ವಾಯ್ಕೆಚಾ ದಾಟಿದ್ದು ಮಧ್ಯಾಹ್ನ ಎರಡಕ್ಕೆ, ಮಂಜಿನಲ್ಲಿ, ವ್ಯಾನಿನ ಕಿಟಕಿ ಮುಚ್ಚಿಕೊಂಡು.

ಗೈಡ್ ವಿಷಯ. ಪರಿಣತ ಪಕ್ಷಿ ಗೈಡ್, ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಡುವ ದುರ್ಬೀನು) ಸಮೇತ ಅಂತ ಬರೆದಿತ್ತು. ಬಂದ ಹುಡುಗ ಸಾಮಾನ್ಯ ಪ್ರವಾಸಿ ಗೈಡ್. ಒಳ್ಳೆಯವನು, ಅವನ ಮೇಲೆ ಸಿಟ್ಟಿಲ್ಲ. ಆದರೆ ಸ್ಕೋಪ್ ಇಲ್ಲ, ಕೂಗು ಗೊತ್ತಿಲ್ಲ. ಬೆಳಗಿನ ತಿಂಡಿ ಏಳೂವರೆಗೆ, ತಿಂದು ಹೊರಡೋಣ ಅನ್ನುತ್ತಿದ್ದ. ಪಕ್ಷಿ ಪ್ರವಾಸದಲ್ಲಿ ಏಳೂವರೆಗೆ ಅರ್ಧ ಕೆಲಸ ಮುಗಿದಿರಬೇಕು. ತಿಂಡಿ ಡಬ್ಬಿಯಲ್ಲಿ ಕಟ್ಟಿಕೊಂಡು ರಸ್ತೆಬದಿಯಲ್ಲಿ ತಿನ್ನಬೇಕು.

ಇಷ್ಟನ್ನೂ ನುಂಗಿಕೊಂಡೆವು. ಸಾಲ್ವಡಾರ್ ಕೊಳ ಇದೆಯಲ್ಲ ಅಂತ. ಮೂರು ರಾತ್ರಿ ಇದೆಯಲ್ಲ ಅಂತ.

ಅಟಲಾಯದಲ್ಲಿ ದೋಣಿ ಹತ್ತಿದೆವು. ಸಾಲ್ವಡಾರ್ ಕೊಳ ಇರುವುದು ರಾಷ್ಟ್ರೀಯ ಉದ್ಯಾನದ ಒಳಗೆ. ನಿಜವಾಗಿ ಅಲ್ಲಿಗೆ ಹೋಗುವ ದಾರಿ ಹೀಗಿದೆ: ಮಾದ್ರೆ ದೆ ದಿಯೋಸ್ ನದಿಯಲ್ಲಿ ಗಂಟೆಗಟ್ಟಲೆ ಕೆಳಕ್ಕೆ, ಬೋಕಾ ಮನುವರೆಗೆ. ಅಲ್ಲಿ ಮನು ನದಿ ಬಂದು ಸೇರುತ್ತದೆ. ಆ ನದಿಗೆ ತಿರುಗಿ ಹರಿವಿನ ಎದುರಾಗಿ ಮೇಲಕ್ಕೆ ಹೋಗಬೇಕು. ಲಿಮೊನಾಲ್ ಅನ್ನುವ ಉದ್ಯಾನದ ಕಾವಲು ಠಾಣೆಯಲ್ಲಿ ಅನುಮತಿ ತೋರಿಸಿ ಹೆಸರು ಬರೆಸಬೇಕು. ಮತ್ತೆ ಮೇಲಕ್ಕೆ. ಇದು ಅರ್ಧ ಹಗಲಿನ ಪ್ರಯಾಣವಲ್ಲ. ನಮ್ಮ ದೋಣಿ ಮುಕ್ಕಾಲು ಗಂಟೆಗೆ ದಡ ಹತ್ತಿತು. ಸಾಮಾನು ಇಳಿಸತೊಡಗಿದರು. ಊಟಕ್ಕೆ ನಿಲ್ಲಿಸಿದ್ದಾರೆ ಅಂದುಕೊಂಡೆವು. ದೋಣಿಯವರನ್ನು ಹರಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ, ಲಿಮೊನಾಲ್‌ಗೆ ಇನ್ನೆಷ್ಟು ಹೊತ್ತು ಅಂತ. ಆ ಮನುಷ್ಯ ನನ್ನ ಮುಖ ನೋಡಿದರು. "ಲಿಮೊನಾಲ್? ನೋ. ಮುಯ್ ಲೆಹೋಸ್." ಬಹಳ ದೂರ. ಕೈ ಬೀಸಿ ನದಿಯ ಕೆಳಗಡೆ ತೋರಿಸಿದರು.

ಆ ಕೈ ಬೀಸಿದ್ದು ಇನ್ನೂ ಕಣ್ಣ ಮುಂದಿದೆ. ಮೂರು ಲಕ್ಷದ ಎಂಬತ್ತೈದು ಸಾವಿರ.

ನಮ್ಮನ್ನು ಇಳಿಸಿದ ಲಾಡ್ಜ್ ಉದ್ಯಾನದ ಹೊರಗಿನದ್ದು. ಮಾರನೇ ದಿನ "ಕೊಳ"ಕ್ಕೆ ಕರೆದುಕೊಂಡು ಹೋದರು. ಮಚುವಾಸಿ ಅನ್ನುವ ಪುಟ್ಟ ಕೊಳ, ಸಾಲ್ವಸಿಯೋನ್ ಊರಿನ ಹತ್ತಿರದ್ದು. ಬಾಲ್ಸಾ ಮರದ ತೆಪ್ಪ. ಕೊಳದ ಮೇಲೆ ನನಗೆ ದೂರಿಲ್ಲ, ಹೋಟ್ಸಿನ್ ಹಕ್ಕಿಗಳು ಚೆನ್ನಾಗಿ ಕಂಡವು. ಆದರೆ ಸಾಲ್ವಡಾರ್ ಅಂದರೆ ಮನು ನದಿ ತಾನೇ ಬಿಟ್ಟುಹೋದ ದೊಡ್ಡ ತಿರುವು, ಸುತ್ತ ಕೊಡಲಿ ತಾಗದ ಕಾಡು, ದೈತ್ಯ ನೀರುನಾಯಿಗಳ ಕುಟುಂಬ. ಮಚುವಾಸಿಗೆ ಹಳ್ಳಿಯಿಂದ ಯಾರು ಬೇಕಾದರೂ ಬಂದು ಹೋಗಬಹುದು. ಬ್ಲಾಂಕಿಯೊ ಕೂಡ ಬೋಕಾ ಮನುವಿನಿಂದ ಇನ್ನೂ ಕೆಳಗಿದೆ, ಆ ಮಾತೇ ಬರಲಿಲ್ಲ. ಅದರ ಬದಲು ಒಂದು ಮಣ್ಣಿನ ದಂಡೆ ತೋರಿಸಿದರು, ಪುಟ್ಟ ಗಿಳಿಗಳ ಹಿಂಡು ಬಂತು. ಮಕಾವ್ ಒಂದೂ ಇಳಿಯಲಿಲ್ಲ.

ಲಾಡ್ಜ್‌ನ ವೈಫೈ ಸಿಕ್ಕ ಕೂಡಲೇ ಬೆಂಗಳೂರಿಗೆ ಮೆಸೇಜ್ ಹಾಕಿದೆವು. ಉತ್ತರಗಳು ಬಂದ ಹಾಗೇ ಇಲ್ಲಿ ಹಾಕುತ್ತೇನೆ.

ಮೊದಲನೆಯದು: "ಸರ್, ನೀವು ಮನುವಿನಲ್ಲೇ ಇದ್ದೀರ. ಮ್ಯಾಪ್ ತೆಗೆದು ನೋಡಿ." ನೋಡಿದೆವು. ಮನು ಪ್ರಾಂತ್ಯ. ಹೌದು.

ಎರಡನೆಯದು: "ನ್ಯಾಷನಲ್ ಪಾರ್ಕ್ ಅಂತ ನಾವು ಎಲ್ಲಿ ಬರೆದಿದ್ದೀವಿ ತೋರಿಸಿ ಸರ್." ಪಿಡಿಎಫ್ ತೆಗೆದು ಪುಟ ಪುಟ ಹುಡುಕಿದೆವು. "ಮನು ಮಳೆಕಾಡು" ಇದೆ, "ಮನು ಬಯೋಸ್ಫಿಯರ್" ಇದೆ, "ವಿಶ್ವವಿಖ್ಯಾತ ಮನು" ಇದೆ. ರಾಷ್ಟ್ರೀಯ ಉದ್ಯಾನ ಅನ್ನುವ ಪದ ಒಂದು ಕಡೆಯೂ ಇಲ್ಲ. ಅಷ್ಟು ಜೋಪಾನವಾಗಿ ಬರೆದಿದ್ದಾರೆ. ಫೋನಿನಲ್ಲಿ ಮಾತ್ರ ಪ್ರತಿ ಸಲವೂ "ಪಾರ್ಕ್ ಒಳಗೇ ಸರ್" ಅಂದಿದ್ದರು.

ಆದರೆ ಸಾಲ್ವಡಾರ್ ಅಂತ ಇತ್ತಲ್ಲ. ಅದನ್ನು ಕೇಳಿದೆವು. ಮೂರನೆಯ ಉತ್ತರ: "ಅದು ಟೈಪಿಂಗ್ ಮಿಸ್ಟೇಕ್ ಸರ್. ಸಾಲ್ವಸಿಯೋನ್ ಅಂತ ಆಗಬೇಕಿತ್ತು."

ಟೈಪಿಂಗ್ ಮಿಸ್ಟೇಕ್. ಮೂರು ರಾತ್ರಿಯ ಟೈಪಿಂಗ್ ಮಿಸ್ಟೇಕ್, ಜೊತೆಗೆ ನೀರುನಾಯಿಯ ಫೋಟೊ ಕೂಡ ಟೈಪಿಂಗ್ ಮಿಸ್ಟೇಕ್.

ರಾತ್ರಿ ಮತ್ತೊಂದು ಬಂತು: "ನದಿಯಲ್ಲಿ ನೀರು ಕಡಿಮೆ ಸರ್, ನಿಮ್ಮ ಸುರಕ್ಷತೆಗೋಸ್ಕರ ಅಲ್ಲಿ ಇಳಿಸಿದ್ದು." ಸೆಪ್ಟೆಂಬರ್ ಒಣ ಕಾಲ, ನೀರು ಕಡಿಮೆಯೇ. ದೋಣಿಯ ತಳ ಮರಳಿಗೆ ತಾಗಿ ತಡವಾಗುವುದುಂಟು. ಆದರೆ ಒಣ ಕಾಲದಲ್ಲೇ ಜನ ಅಲ್ಲಿಗೆ ಹೋಗುವುದು! ಮತ್ತೆ, ನಾವು ಮನುವಿನಲ್ಲೇ ಇದ್ದೇವೆ ಅಂತಾದರೆ ನೀರಿನ ನೆಪ ಯಾಕೆ? ತಪ್ಪು ಅಕ್ಷರದ್ದಾದರೆ ಸುರಕ್ಷತೆಯ ಮಾತು ಯಾಕೆ? ಇದನ್ನು ಕೇಳಿದ್ದಕ್ಕೆ ಬಂದದ್ದು: "ಹಕ್ಕಿ ಎಲ್ಲಾ ಕಡೆ ಇರುತ್ತೆ ಸರ್, ನೆಗೆಟಿವ್ ಆಗಬೇಡಿ." ವಾಪಸ್ ಬಂದ ಮೇಲೆ ದುಡ್ಡು ಕೇಳಿದರೆ ಮುಂದಿನ ಟ್ರಿಪ್‌ಗೆ 10,000 ರೂಪಾಯಿ ಡಿಸ್ಕೌಂಟ್ ಕೊಡುತ್ತಾರಂತೆ.

ನಮ್ಮ ಕೈ ಕಟ್ಟಿಹಾಕಿದ್ದು ದುಡ್ಡು ಕಟ್ಟಿದ ರೀತಿ. ಮೂರು ಕಂತು, ಮೂರೂ ವ್ಯಕ್ತಿಯ ಸ್ವಂತ ಖಾತೆಗೆ. ಜಿಎಸ್‌ಟಿ ಬಿಲ್ ಇಲ್ಲ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್ ಅನ್ನುವ ಮುಂಗಡ ಆದಾಯ ತೆರಿಗೆ ಹಿಡಿಯಬೇಕು, ಅದು ನಿಮ್ಮ ಆದಾಯ ತೆರಿಗೆಯ ವಾರ್ಷಿಕ ಪಟ್ಟಿಯಲ್ಲಿ ಕಾಣಬೇಕು. "ಟಿಸಿಎಸ್ ಬೇಡ ಅಂದ್ರೆ ನಿಮಗೇ ಉಳಿತಾಯ ಸರ್" ಅಂದಾಗ ಖುಷಿಪಟ್ಟೆವು. ಆ ಟಿಸಿಎಸ್ ರಿಟರ್ನ್ ಹಾಕಿದಾಗ ನಮಗೇ ಲೆಕ್ಕಕ್ಕೆ ಸಿಗುವ ದುಡ್ಡು, ಉಳಿತಾಯ ಏನಿಲ್ಲ. ಹೋದದ್ದು ಪ್ಯಾಕೇಜ್ ಕೊಂಡಿದ್ದಕ್ಕೆ ಇರಬೇಕಿದ್ದ ಗಟ್ಟಿ ದಾಖಲೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ತಕರಾರು ಹಾಕುವ ದಾರಿಯಾದರೂ ಇರುತ್ತಿತ್ತು. ಈಗ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಕೈಯಲ್ಲಿರುವುದು ಆ ಪಿಡಿಎಫ್ ಮತ್ತು ವಾಟ್ಸಾಪ್ ಮಾತುಕತೆ.

ಲಾಡ್ಜ್ ಬಿಡುವಾಗ ಹೆಚ್ಚುವರಿ ರೂಮಿಗೆ 18% ತೆರಿಗೆ ಕೂಡ ಹಾಕಿದರು. ಪೆರುವಿನಲ್ಲಿ 60 ದಿನದೊಳಗೆ ಇರುವ ವಿದೇಶಿ ಪ್ರವಾಸಿಗೆ ವಸತಿಯ ಮೇಲೆ ಆ ತೆರಿಗೆ ಇಲ್ಲ, ಪಾಸ್‌ಪೋರ್ಟ್ ಮತ್ತು ಪ್ರವೇಶದ ದಾಖಲೆ ತೋರಿಸಿದರೆ ಸಾಕು. ಕಟ್ಟಿ ಬಂದ ಮೇಲೆ ಗೊತ್ತಾಯಿತು.

ಹೋಗುವವರು ಹೋಗಿ, ಆ ರಸ್ತೆ ಜೀವಮಾನದಲ್ಲಿ ಒಮ್ಮೆ ನೋಡಬೇಕಾದದ್ದೇ. ಪಟ್ಟಿಯಲ್ಲಿರುವ ಪ್ರತಿ ಹಕ್ಕಿಯನ್ನೂ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದ ನಕ್ಷೆಯಲ್ಲಿ ಹಾಕಿ, ನೀವು ಹೋಗುವ ತಿಂಗಳಿನಲ್ಲಿ ಆ ಜಾಗದಲ್ಲಿ ಚುಕ್ಕೆ ಇದೆಯಾ ನೋಡಿ. ಕುಸ್ಕೊ ಏಜೆನ್ಸಿಯ ಹೆಸರು ಮತ್ತು 11 ಅಂಕಿಯ ಆರ್‌ಯುಸಿ, ಅಂದರೆ ತೆರಿಗೆ ನೋಂದಣಿ ಸಂಖ್ಯೆ ಕೇಳಿ, ಪೆರುವಿನ ತೆರಿಗೆ ಇಲಾಖೆ ಸುನಾತ್‌ನ ಜಾಲತಾಣದಲ್ಲಿ ಹಾಕಿದರೆ ಸಂಸ್ಥೆ ಚಾಲ್ತಿಯಲ್ಲಿದೆಯಾ ಇಲ್ಲವಾ ತೋರಿಸುತ್ತದೆ. ಉದ್ಯಾನ ನೋಡಿಕೊಳ್ಳುವುದು ಸೆರ್ನಾನ್ಪ್ ಅನ್ನುವ ಸರ್ಕಾರಿ ಸಂಸ್ಥೆ, ಅದರ ಅನುಮತಿ ಇರುವ ಸಂಸ್ಥೆಗಳ ಮೂಲಕ ಮಾತ್ರ ಒಳಗೆ ಹೋಗಬಹುದು. ಅಲ್ಲಿ ಮೋಸವಾದರೆ ಅಲ್ಲೇ ‘ಲಿಬ್ರೊ ದೆ ರೆಕ್ಲಾಮಾಸಿಯೋನೆಸ್’ ಕೇಳಿ. ಪ್ರತಿ ಅಂಗಡಿ, ಹೋಟೆಲ್, ಏಜೆನ್ಸಿ ಇಡಲೇಬೇಕಾದ ದೂರಿನ ಪುಸ್ತಕ ಅದು. ನಾವು ಕೇಳದೆ ಬಂದೆವು, ಕೇಳಬೇಕಿತ್ತು. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮುಂಚೆ ಆಗಿರಲಿ. ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಇಲ್ಲದೆ ಪೆರುವಿನಿಂದ ಬಂದರೆ ಇಲ್ಲಿ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಕ್ವಾರಂಟೈನ್‌ಗೆ ಕಳಿಸುತ್ತಾರೆ. ಇದನ್ನೂ ಆ ಆಯೋಜಕರು ಹೇಳಿರಲಿಲ್ಲ, ನಮ್ಮಲ್ಲೊಬ್ಬರಿಗೆ ಗೊತ್ತಿದ್ದರಿಂದ ಉಳಿದೆವು.

ಆ ಪೋಸ್ಟರ್ ನೋಡಿ ಈಗಾಗಲೇ ಮುಂಗಡ ಕಟ್ಟಿದವರು ಇದ್ದರೆ, ಇವತ್ತೇ ಒಂದೇ ಒಂದು ಪ್ರಶ್ನೆ ಬರೆದು ಕಳಿಸಿ: "ಲಿಮೊನಾಲ್ ಠಾಣೆಯನ್ನು ಎಷ್ಟನೇ ದಿನ ದಾಟುತ್ತೇವೆ?" ಫೋನ್‌ನಲ್ಲಿ ಕೇಳಬೇಡಿ, ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತರಿಸಿಕೊಳ್ಳಿ. ದಿನ ಹೇಳದೆ "ಸರ್, ನಾನಿದ್ದೀನಲ್ಲ" ಅಂತ ಉತ್ತರ ಬಂದರೆ ಎರಡನೇ ಕಂತು ಕಟ್ಟಬೇಡಿ. ನಮಗೂ ಮೊದಲು ಬಂದ ಉತ್ತರ ಅದೇ.