ಹಿರಿಯರ ಡೈಪರ್: ಬಟ್ಟೆಯದೋ, ಬಿಸಾಡುವುದೋ?

ಇಲ್ಲಿ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಮನೆಯಲ್ಲಿ ಒಗೆಯುವವರು ಯಾರು ಎಂಬುದನ್ನು.

ಬಟ್ಟೆಯದನ್ನು ಒಮ್ಮೆ ಕೊಂಡರೆ ನೂರಾರು ಸಲ ಬಳಸಬಹುದು. ಆದರೆ ಅದು ಒದ್ದೆಯನ್ನು ಚರ್ಮಕ್ಕೆ ತಾಗಿಸಿಯೇ ಇಡುತ್ತದೆ. ನೆನೆದ ಕೂಡಲೇ ಬದಲಿಸದಿದ್ದರೆ ತೊಡೆಸಂದಿ ಕೆಂಪಾಗುತ್ತದೆ. ಮೇಲೊಂದು ನೀರು ಸೋರದ ಚಡ್ಡಿಯೂ ಬೇಕು. ಒಗೆಯುವಾಗ ಬಟ್ಟೆ ಮೃದುವಾಗಿಸುವ ಕಂಫರ್ಟ್‌ನಂಥ ದ್ರವ ಹಾಕಬೇಡಿ, ಬಟ್ಟೆ ಹೀರುವ ಗುಣ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಜುಲೈ ಜಿಟಿಜಿಟಿಯಲ್ಲಿ ಬಾಲ್ಕನಿಯ ತಂತಿಯ ಮೇಲೆ ದಪ್ಪ ಬಟ್ಟೆ ಒಣಗುವುದನ್ನು ಕಾಯುವುದಿದೆಯಲ್ಲ, ಅದು ಬೇರೆಯೇ ತಪಸ್ಸು. ಟ್ಯಾಂಕರ್ ನೀರಿನ ಮನೆಯಾದರೆ ಆ ಲೆಕ್ಕವನ್ನೂ ಸೇರಿಸಿ.

ಬಿಸಾಡುವ ಡೈಪರಿನೊಳಗಿನ ಪಾಲಿಮರ್ ಪುಡಿ ಮೂತ್ರವನ್ನು ಹೀರಿ ಜೆಲ್ ಆಗುತ್ತದೆ, ಮೇಲ್ಪದರ ಬಹುಮಟ್ಟಿಗೆ ಒಣಗಿರುತ್ತದೆ. ರಾತ್ರಿಯ ನಿದ್ದೆಗೆ ಇದೇ ಸರಿ. ಖರ್ಚು ಮಾತ್ರ ಕಚ್ಚುತ್ತದೆ: ಒಂದಕ್ಕೆ 30 ರೂಪಾಯಿ ಎಂದು ಹಿಡಿದರೂ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 3,600. ಬಳಸಿದ್ದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಹಸಿ ಮತ್ತು ಒಣ ಕಸದಿಂದ ಬೇರೆಯಾಗಿ ಕೊಡಬೇಕು.

ಹಾಸಿಗೆ ಹಿಡಿದವರಿಗೆ ಅಂಟುಪಟ್ಟಿಯದು, ಓಡಾಡುವವರಿಗೆ ಚಡ್ಡಿಯಂತೆ ಏರಿಸುವಂಥದ್ದು. ಸೊಂಟವನ್ನು ಅಳೆದೇ ಕೊಳ್ಳಿ. ದೊಡ್ಡದಾದರೆ ಪಕ್ಕದಲ್ಲಿ ಸೋರುತ್ತದೆ.

ನನ್ನ ಆಯ್ಕೆ ಹಗಲಿಗೆ ಬಟ್ಟೆ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಬಿಸಾಡುವುದು. ಭೇದಿ ಶುರುವಾದ ದಿನ ಬಟ್ಟೆಯ ಗೊಡವೆಯೇ ಬೇಡ. ಇನ್ನು, ಮೂತ್ರ ಸೋರುವುದು ಇತ್ತೀಚೆಗೆ ಹಠಾತ್ತನೆ ಆರಂಭವಾಗಿದ್ದರೆ ಡೈಪರ್ ಅಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗಿ. ಮೂತ್ರದ ಸೋಂಕಿದ್ದರೆ ಔಷಧದಿಂದಲೇ ವಾಸಿಯಾಗಬಹುದು.