ಬ್ಯಾಂಡ್ ಮಲಗಿದ ದಿನ ಬಯಲಿನಲ್ಲಿ ಯಾವ ಆಂಟೆನಾ?

ಹ್ಯಾಮ್ ರೇಡಿಯೋವನ್ನು, ಅಂದರೆ ಹವ್ಯಾಸಿ ರೇಡಿಯೋವನ್ನು, ಬಯಲಿಗೆ ಹೊತ್ತೊಯ್ಯುವವನು ನಾನು. ಬ್ಯಾಂಡ್, ಅಂದರೆ ನಾವು ಬಳಸುವ ತರಂಗಗಳ ಪಟ್ಟಿ, ದೂರದ ದನಿಯನ್ನು ತಾರದ ದಿನ ಯಾವ ಆಂಟೆನಾ ಕಟ್ಟಬೇಕು? ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಲಿಂಕ್ ಡೈಪೋಲ್, ನಡುವಿನಿಂದ ಎರಡೂ ಬದಿಗೆ ಚಾಚುವ, ಉದ್ದ ಬದಲಿಸಬಲ್ಲ ತಂತಿ. ಎಳೆದು ಉದ್ದ ಮಾಡುವ ಸಲಾಕೆಯಂಥ ವಿಪ್, ಒಂದು ತುದಿಯಿಂದ ಶಕ್ತಿ ಕೊಡುವ ಎಂಡ್-ಫೆಡ್ ತಂತಿ, ಲಿಂಕ್ ಡೈಪೋಲ್ ಮೂರನ್ನೂ ಬೆನ್ನಚೀಲದಲ್ಲಿ ಹೊತ್ತು ತಿರುಗಿದ ಮೇಲೆ ಬಂದ ಪಕ್ಷಪಾತ ಇದು. ಬ್ಯಾಂಡ್ ಚೆನ್ನಾಗಿರುವ ದಿನ ಯಾವುದನ್ನು ಕಟ್ಟಿದರೂ ಯಾರಾದರೊಬ್ಬರು ಓಗೊಡುತ್ತಾರೆ. ನಿಜ ಬಣ್ಣ ಬಯಲಾಗುವುದು ಕೆಟ್ಟ ದಿನವೇ. ನನ್ನ ರೇಡಿಯೋ 5 ವ್ಯಾಟಿನದು. 100 ವ್ಯಾಟಿನ ಕೇಂದ್ರಕ್ಕಿಂತ 13 ಡೆಸಿಬೆಲ್ ಕಡಿಮೆ, ಅಂದರೆ ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಎರಡು ಮನೆಗೂ ತುಸು ಹೆಚ್ಚು ಹಿಂದೆ. ಉಳಿದಿದ್ದನ್ನು ಆಂಟೆನಾ ತಿಂದುಹಾಕಿದರೆ ಗಾಳಿಗೆ ಹೋಗುವುದೇನು?

ವಿಪ್ ಆ ತಿನ್ನುವ ಜಾತಿಯದು. ಸುಮಾರು 5 ಮೀಟರ್ ಎಳೆದು ನಿಲ್ಲಿಸಿದರೆ 20 ಮೀಟರ್ ಬ್ಯಾಂಡಿಗೆ (ತರಂಗದ ಉದ್ದ ಸುಮಾರು 20 ಮೀಟರ್) ಪೂರ್ತಿ ಕಾಲು ತರಂಗ. ನೆಲದ ಮೇಲೆ ನಾಲ್ಕಾರು ರೇಡಿಯಲ್ ತಂತಿ ಹಾಸಿದರೆ ದೂರುವಂಥದ್ದೇನಿಲ್ಲ. 40 ಮೀಟರಿಗೆ ಬಂದಾಗ ಬುಡದಲ್ಲಿ ಕಾಯಿಲ್ ಸೇರಿಸಬೇಕು, ಶಕ್ತಿಯ ಒಂದು ಪಾಲು ಕಾಯಿಲಿನಲ್ಲೂ ನೆಲದಲ್ಲೂ ಶಾಖವಾಗಿ ಹೋಗುತ್ತದೆ. ಕಾಯಿಲಿನ ಜಾರುಗುಂಡಿಯನ್ನು ಒಂದು ಸುತ್ತು ಸರಿಸಿ ಎಸ್‌ಡಬ್ಲ್ಯುಆರ್ (ರೇಡಿಯೋಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಸರಿಹೋಯಿತೆಂದು ಕೈ ತೆಗೆದು ಹಿಂದೆ ಸರಿದರೆ ಮುಳ್ಳು ಮತ್ತೆ ಏರುತ್ತದೆ. ಕೈಯೂ ಆ ಲೆಕ್ಕದಲ್ಲಿ ಸೇರಿಕೊಂಡಿತ್ತು!

ಎಂಡ್-ಫೆಡ್ ಬಗ್ಗೆ ಗೌರವವಿದೆ. ಸುಮಾರು 20 ಮೀಟರ್ ತಂತಿ, ತುದಿಯಲ್ಲಿ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್, ಆಸರೆಗೆ ಒಂದೇ ಮರ. 40, 20, 15, 10 ಮೀಟರ್ ಬ್ಯಾಂಡುಗಳೆಲ್ಲ ಏನನ್ನೂ ಮುಟ್ಟದೆ ಸಿಗುತ್ತವೆ. ಆದರೆ ಕೆಟ್ಟ ದಿನಗಳಲ್ಲಿ ನನ್ನ ಕೈ ಹಿಡಿಯುವ 30 ಮೀಟರ್ ಆ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಸ್ಪರ್ಧೆಗಳ ಗದ್ದಲವಿಲ್ಲ, ಮೋರ್ಸ್ ಮತ್ತು ಡಿಜಿಟಲ್ ಮಾತ್ರ. ಬೇರೆ ಬ್ಯಾಂಡಿಗೂ ಹೊಂದಿಸುವ ಟ್ಯೂನರ್ ಇದ್ದರೆ ಸೇರಿಸಬಹುದು, ಚೀಲದಲ್ಲಿ ಮತ್ತೊಂದು ಡಬ್ಬಿ. ಕೇಬಲ್ಲಿನ ಹೊರಮೈಯಲ್ಲಿ ವಿದ್ಯುತ್ತು ಹರಿಯದಂತೆ ತಡೆಯುವ ಚೋಕ್ ಹಾಕದಿದ್ದರೆ ಕೇಬಲ್ಲಿನ ಹೊರಕವಚವೂ ಆಂಟೆನಾದ ಭಾಗವಾಗಿ ಕೂರುತ್ತದೆ ಎಂಬುದು ಇನ್ನೊಂದು ತಕರಾರು.

ಇನ್ನು ನನ್ನ ಪ್ರೀತಿಯ ಡೈಪೋಲಿನ ಪೀಡೆ. ಒಂದೊಂದು ಬದಿಯಲ್ಲೂ 10 ಮೀಟರ್ ತಂತಿ. ನಡುವಿನಿಂದ 5 ಮತ್ತು 7 ಮೀಟರಿನ ಆಸುಪಾಸಿನಲ್ಲಿ ಒಂದೊಂದು ಲಿಂಕ್, ಅಂದರೆ ಬಿಚ್ಚಿ ಜೋಡಿಸುವ ಕೊಂಡಿ. ಎಲ್ಲ ಜೋಡಿಸಿದರೆ 40, ಹೊರಗಿನದನ್ನು ಬಿಚ್ಚಿದರೆ 30, ಒಳಗಿನದನ್ನೂ ಬಿಚ್ಚಿದರೆ 20. ಕೇಳಲು ಸರಳ. ಆದರೆ ನಡುವನ್ನು ಹೊತ್ತ ಕಂಬ ಎತ್ತಿದ ಮೇಲೆ ಲಿಂಕ್ ಕೈಗೆಟಕುವುದಿಲ್ಲ. ಪ್ರತಿ ಬದಲಾವಣೆಗೂ ಆಂಟೆನಾ ಇಳಿಸಬೇಕು. ಬ್ಯಾಂಡ್ ಹೆಚ್ಚು ಬದಲಿಸಬೇಕಾಗುವುದೂ ಕೆಟ್ಟ ದಿನವೇ. ಸೌರಜ್ವಾಲೆ ಹೊಡೆದಾಗ ಹಗಲಿನ ಬದಿಯಲ್ಲಿ ಕೆಳಗಿನ ಬ್ಯಾಂಡುಗಳು (ಆವರ್ತನ ಕಡಿಮೆ, ಮೀಟರ್ ಸಂಖ್ಯೆ ದೊಡ್ಡದು) ಮೊದಲು ಕಿವುಡಾಗುತ್ತವೆ, ಮೇಲಿನವು ಬೇಗ ಚೇತರಿಸಿಕೊಳ್ಳುತ್ತವೆ. ಆಗ ಮೇಲಕ್ಕೆ ಹೋಗಬೇಕು. ಭೂಮಿಯ ಕಾಂತಕ್ಷೇತ್ರದ ಕಲಕಾಟ ಅಳೆಯುವ ಕೆ ಸೂಚ್ಯಂಕ 5 ಮುಟ್ಟಿ ಭೂಕಾಂತೀಯ ಬಿರುಗಾಳಿ ಎದ್ದರೆ ಸಾಮಾನ್ಯವಾಗಿ ಮೇಲಿನ ಬ್ಯಾಂಡುಗಳೇ ಮುಚ್ಚುತ್ತವೆ. ಆಗ ಕೆಳಕ್ಕೆ ಇಳಿಯಬೇಕು.

ಫೈಬರ್ ಕಂಬವನ್ನು ಕುಗ್ಗಿಸಲು ಹೋದರೆ ತುಂಡುಗಳು ಒಂದರೊಳಗೊಂದು ಜಾರಿ ಬೀಳುತ್ತವೆ, ಮತ್ತೆ ತಿರುಚಿ ಬಿಗಿ ಮಾಡುವ ಹೊತ್ತಿಗೆ ತೆರೆದ ಬ್ಯಾಂಡ್ ಮುಚ್ಚಿರುತ್ತದೆ. ಅದಕ್ಕೇ ಕುಗ್ಗಿಸುವುದನ್ನು ಬಿಟ್ಟಿದ್ದೇನೆ. ಹಿಂಬದಿಯ ಹಗ್ಗವೊಂದನ್ನೇ ಸಡಿಲಿಸಿ, ಬುಡ ನೆಲದಲ್ಲೇ ಇರುವಂತೆ ಕಂಬವನ್ನು ಪಕ್ಕಕ್ಕೆ ವಾಲಿಸುತ್ತೇನೆ. ಎರಡು ಬದಿಗೂ ಓಡಾಡುವುದು ಮಾತ್ರ ತಪ್ಪುವುದಿಲ್ಲ. ಒಂದು ಕಡೆಯದು ಉಳಿದುಹೋದರೆ ಎಸ್‌ಡಬ್ಲ್ಯುಆರ್ ಮೀಟರ್ ಕೂಡಲೇ ಚಾಡಿ ಹೇಳುತ್ತದೆ.

ಸುಮ್ಮನೆ ಇಳಿಸುವ ಶ್ರಮ ಉಳಿಸುವುದು 20 ಮೀಟರ್ ಬ್ಯಾಂಡಿನ 14.100 ಮೆಗಾಹರ್ಟ್ಸ್. ಲೋಕದ ಬೇರೆ ಬೇರೆ ಕಡೆಯಿಂದ ತಮ್ಮಷ್ಟಕ್ಕೇ ಸಂಕೇತ ಕಳಿಸುವ 18 ಬೀಕನ್‌ಗಳಿಗೆ ಅಲ್ಲಿ ತಲಾ 10 ಸೆಕೆಂಡಿನ ಸರದಿ. ಮೂರು ನಿಮಿಷಕ್ಕೆ ಒಂದು ಸುತ್ತು. ಕರೆಸಂಕೇತ ಮತ್ತು ಮೊದಲ ಡ್ಯಾಶ್ (ಉದ್ದನೆಯ ಸದ್ದು) 100 ವ್ಯಾಟಿನಲ್ಲಿ, ಆಮೇಲಿನ ಡ್ಯಾಶ್‌ಗಳು 10, 1, 0.1 ವ್ಯಾಟಿನಲ್ಲಿ. ಲಿಂಕ್ 40ಕ್ಕೇ ಇದ್ದರೂ ಕೇಳುವುದಕ್ಕೆ ಅಡ್ಡಿಯಿಲ್ಲ, ಪ್ರಸಾರ ಮಾಡಬಾರದು ಅಷ್ಟೆ. ಮೂರನೆಯ ಡ್ಯಾಶ್ ಸಿಳ್ಳಿನಂತೆ ಕೇಳಿತೆಂದರೆ ನನ್ನ 5 ವ್ಯಾಟಿಗೂ ಆ ಕಡೆ ದಾರಿಯಿದೆ, ಎದ್ದು ಲಿಂಕ್ ಬಿಚ್ಚುತ್ತೇನೆ. ಮೊದಲನೆಯದೂ ಕೇಳದಿದ್ದರೆ ಕೂತಲ್ಲೇ ಕೂರುತ್ತೇನೆ.

ಎಫ್‌ಟಿ8 (ಕ್ಷೀಣ ಸಂಕೇತವನ್ನೂ ಕಂಪ್ಯೂಟರೇ ಓದಿಕೊಳ್ಳುವ ಡಿಜಿಟಲ್ ವಿಧಾನ) ಹಾಕಿದರೆ ಆಂಟೆನಾದ ಎಷ್ಟೋ ದೋಷ ಮುಚ್ಚಿಹೋಗುತ್ತದೆ, ನಿಜ. ಬಿಸಿಲಿನಲ್ಲಿ ಪರದೆ ನೋಡುತ್ತಾ ಕೂರಲು ನನಗೆ ಮನಸ್ಸಿಲ್ಲ. ಮೋರ್ಸ್ ಕೀ ಸಾಕು.

ನಾನು ದಿನವಿಡೀ ಒಂದೇ ಕಡೆ ಕೂರುವವನು. ತಂತಿ, ಲಿಂಕ್, ನಡುವಿನ ತುಂಡು ಎಲ್ಲವೂ ಮನೆಯಲ್ಲೇ ಆಗುತ್ತವೆ; ಕೈ ಬಿಚ್ಚಿ ಖರ್ಚು ಮಾಡಿದ್ದು ಕಂಬಕ್ಕೆ ಮಾತ್ರ. ಹಾಗಾಗಿ ಡೈಪೋಲ್. ಗುಡ್ಡದಿಂದ ಗುಡ್ಡಕ್ಕೆ ಓಡುವವರು ಎಂಡ್-ಫೆಡ್ ಕೊಳ್ಳಲಿ, ಚೋಕ್ ಮರೆಯದಿರಲಿ. ಮರವೂ ಇಲ್ಲದ, ತಂತಿ ಎಳೆಯಲು ಜಾಗವೂ ಇಲ್ಲದ ಕಡೆ ಕೂರುವವರಿಗೆ ವಿಪ್, ಅದೂ 20 ಮೀಟರ್ ಮತ್ತು ಅದರ ಮೇಲಿನ ಬ್ಯಾಂಡುಗಳಿಗಷ್ಟೇ.