ದಿನಸಿ ಆ್ಯಪ್‌ನಿಂದ ಮಾಹಿತಿ ಸೋರಿದ ಮೇಲೆ: ನಾಲ್ಕು ದಾರಿ ಹಿಡಿದು ನೋಡಿದ್ದು

"ಮಾವಿನ ಮರದ ಪಕ್ಕ, ನೀಲಿ ಗೇಟು, ಅಲ್ವಾ ಮೇಡಂ?" ಅಂತ ಅಮ್ಮನಿಗೆ ಫೋನ್ ಮಾಡಿದವನೊಬ್ಬ ಕೇಳಿದನಂತೆ. ಡೆಲಿವರಿ ಹುಡುಗರಿಗೆ ಗುರುತು ಸಿಗಲಿ ಅಂತ ಆ್ಯಪ್‌ನಲ್ಲಿ ಆ ಸಾಲು ಬರೆದಿದ್ದು ನಾನೇ. ಹಿಂದಿನ ವಾರ ತರಿಸಿದ ಸೋನಾ ಮಸೂರಿ, ಕಾಫಿಪುಡಿ ಎಲ್ಲ ಓದಿ ಹೇಳಿ, 340 ರೂಪಾಯಿ ರೀಫಂಡ್ ಇದೆ, ಓಟಿಪಿ ಹೇಳಿ ಅಂದ. ಅಮ್ಮ ಎರಡು ಅಂಕಿ ಹೇಳಿಯೂ ಬಿಟ್ಟಿದ್ದರು. ಅಷ್ಟರಲ್ಲಿ ನಾನು ಒಳಗೆ ಬಂದೆ. ‘ಕೆಲವು ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ’ ಎಂದು ಆ ದಿನಸಿ ಆ್ಯಪ್‌ನವರ ಮೇಲ್ ಬಂದು ಆಗಿನ್ನೂ ಹದಿನೈದು ದಿನ.

ಗಾಬರಿಯಲ್ಲಿ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತರಿಸಿದೆ. ಶುಲ್ಕ ಹೋಯಿತು, ಒಂದು ವಾರ ಕಾರ್ಡ್ ಇಲ್ಲದೆ ಕಳೆಯಿತು. ಅದರ ಅಗತ್ಯವೇ ಇರಲಿಲ್ಲ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ನಮ್ಮ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಅವರ ಬಳಿ ಇರುವುದು ಟೋಕನ್, ಅಂದರೆ ಕಾರ್ಡ್ ನಂಬರಿನ ಬದಲಿಗೆ ಕೊಡುವ ಸಂಕೇತ ಸಂಖ್ಯೆ ಮಾತ್ರ. ಬ್ಯಾಂಕ್ ಆ್ಯಪ್‌ನಲ್ಲೇ ವಿದೇಶಿ ವಹಿವಾಟು ಆಫ್ ಮಾಡಿ, ಆನ್‌ಲೈನ್ ಮಿತಿಯನ್ನು 5,000ಕ್ಕೆ ಇಳಿಸುವುದು ಎರಡು ನಿಮಿಷದ ಕೆಲಸ, ಪುಕ್ಕಟೆ. ಇದನ್ನು ಎಲ್ಲರೂ ಮಾಡಲೇಬೇಕು. ಆದರೆ ಸೋರಿದ್ದು ಹೆಸರು, ವಿಳಾಸ, ಫೋನ್ ನಂಬರ್. ಫೋನ್ ಮಾಡಿ ನಂಬಿಸುವವನನ್ನು ಈ ಸ್ವಿಚ್ ತಡೆಯುವುದಿಲ್ಲ.

ಆಮೇಲೆ ನನ್ನ ಹೆಸರಲ್ಲಿ ಯಾರಾದರೂ ಸಾಲ ತೆಗೆದರೆ ಎಂಬ ಭಯಕ್ಕೆ, ದುಡ್ಡು ಕಟ್ಟಿ ಕ್ರೆಡಿಟ್ ನಿಗಾ ಸೇವೆ ತೆಗೆದುಕೊಂಡೆ. ಒಂದೇ ವರ್ಷಕ್ಕೆ ಬಿಟ್ಟೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಮ್ಮ ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಈಗ ಮೂರು ತಿಂಗಳಿಗೊಂದರಂತೆ ತೆಗೆಯುತ್ತೇನೆ, ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ಒಂದು ವರದಿಯಲ್ಲಿ ಎಂದೋ ಮುಚ್ಚಿಸಿದ ಕಾರ್ಡ್ ಇನ್ನೂ ಚಾಲ್ತಿಯಲ್ಲಿತ್ತು. ದುಡ್ಡು ಕೊಟ್ಟ ಸೇವೆ ಅದನ್ನು ತೋರಿಸಿರಲೇ ಇಲ್ಲ.

ನನ್ನ ಆಧಾರ್‌ಗೂ ಅಮ್ಮನದಕ್ಕೂ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚು ಬಳಸದಂತೆ ಬೀಗ ಕೂಡ ಹಾಕಿದೆ. ದಿನಸಿ ಆ್ಯಪ್‌ಗೂ ಬೆರಳಚ್ಚಿಗೂ ಸಂಬಂಧವಿಲ್ಲ, ನಿಜ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಬೆರಳಚ್ಚಿನ ಮೂಲಕವೇ ಹಣ ಹೋದದ್ದು ಮರೆತಿರಲಿಲ್ಲ. ತೊಂದರೆಯೆಂದರೆ, ಅಮ್ಮ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಸಾಲಲ್ಲಿ ನಿಂತವರ ಮುಂದೆ ಬರಿಗೈಲಿ ವಾಪಸ್ ಬಂದರು. ಈಗ ಹೋಗುವ ಮುಂಚೆ ನಾನೇ ತಾತ್ಕಾಲಿಕವಾಗಿ ತೆರೆದುಕೊಡುತ್ತೇನೆ.

ನನಗೆ ನಿಜವಾಗಿ ನೆಮ್ಮದಿ ಕೊಟ್ಟದ್ದು ಎರಡನೇ ಸಿಮ್. ಆ್ಯಪ್, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಎಲ್ಲೆಡೆ ಆ ನಂಬರ್. ಬ್ಯಾಂಕಿಗೆ ಕೊಟ್ಟಿರುವ ನಂಬರ್ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಈ ಎರಡನೇ ಸಿಮ್ ಇರುವುದು ಹಳೇ ಕೀಪ್ಯಾಡ್ ಫೋನಿನಲ್ಲಿ, ಬ್ಯಾಂಕಿನ ಓಟಿಪಿ ಅದಕ್ಕೆ ಬರುವುದೇ ಇಲ್ಲ. ಹಾಗಾಗಿ ಅದರಲ್ಲಿ ಯಾರು ಬ್ಯಾಂಕಿನ ಓಟಿಪಿ ಕೇಳಿದರೂ ಮೋಸ ಎಂದು ಅಮ್ಮನಿಗೆ ಯೋಚಿಸದೆಯೇ ಗೊತ್ತಾಗುತ್ತದೆ. ರೀಚಾರ್ಜ್ ಖರ್ಚು ಇದೆ. ಮರೆತರೆ ಆ ನಂಬರ್ ಮುಂದೆ ಬೇರೆಯವರ ಪಾಲಾಗುತ್ತದೆ, ಅದೂ ನೆನಪಿರಲಿ.

ಒಂದು ಮಾತು ಬಿಡುವಂತಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ನಾವೇ ಓಟಿಪಿ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದೇ. ಅದಕ್ಕೇ ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಸೈಬರ್ ವಂಚನೆ ಸಹಾಯವಾಣಿ 1930 ಅಂತ ಬರೆದು, ಕೆಳಗೆ ಬ್ಯಾಂಕಿನ ಸಹಾಯವಾಣಿ ನಂಬರ್ ಅಂಟಿಸಿದ್ದೇನೆ. ಆ್ಯಪ್‌ನಲ್ಲಿದ್ದ ಮಾವಿನ ಮರದ ಸಾಲನ್ನೂ ಅಳಿಸಿದೆ.